ಕಾಯುವುದನ್ನು ಕಂಪ್ಯೂಟರಿಗೆ ಕಲಿಸಿದ ಡೈಕ್‌ಸ್ಟ್ರಾ

1957ರಲ್ಲಿ ಎಡ್ಸ್ಗರ್ ಡೈಕ್‌ಸ್ಟ್ರಾ ಮದುವೆ ನೋಂದಣಿಗೆ ಹೋದಾಗ, ಉದ್ಯೋಗದ ಕಾಲಂನಲ್ಲಿ ಪ್ರೋಗ್ರಾಮರ್ ಎಂದು ಬರೆಯಲು ಆಮ್ಸ್ಟರ್‌ಡ್ಯಾಮ್‌ನ ಅಧಿಕಾರಿಗಳು ಒಪ್ಪಲಿಲ್ಲ. ಅಂಥ ಉದ್ಯೋಗವೇ ಇಲ್ಲ ಎಂದರು. ಕೊನೆಗೆ ಸೈದ್ಧಾಂತಿಕ ಭೌತವಿಜ್ಞಾನಿ ಎಂದು ದಾಖಲಾಯಿತು. ಅರ್ಜಿ ಮೇಲೆ ಅರ್ಜಿ ಹಾಕುತ್ತಿರುವ ನನಗೆ ಅವರ ಬದುಕಿನಲ್ಲಿ ಮೊದಲು ಹಿಡಿಸಿದ್ದೇ ಈ ಸಂಗತಿ.

1930ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿದ ಅವರು ಓದಿದ್ದು ಭೌತವಿಜ್ಞಾನ. ಮದುವೆಯ ಹೊತ್ತಿಗೆ ಸಹೋದ್ಯೋಗಿಗಳು ಎಕ್ಸ್-1 ಎಂಬ ಹೊಸ ಯಂತ್ರಕ್ಕೆ ಇಂಟರಪ್ಟ್ ಸೇರಿಸಲು ಹೊರಟಿದ್ದರು. ಅಂದರೆ, ಓಡುತ್ತಿರುವ ಪ್ರೋಗ್ರಾಮನ್ನು ನಡುವೆಯೇ ತಡೆಯುವ ಗಂಟೆ. ಡೈಕ್‌ಸ್ಟ್ರಾ ಹೆದರಿದರು. ಗಂಟೆ ಯಾವ ಕ್ಷಣ ಬಾರಿಸುತ್ತದೋ ಗೊತ್ತಿಲ್ಲ, ಒಮ್ಮೆ ಕಂಡ ತಪ್ಪು ಮತ್ತೆ ಹಾಗೆಯೇ ಕಾಣುವುದಿಲ್ಲ, ಹುಡುಕುವುದು ಹೇಗೆ? ತಿಂಗಳುಗಟ್ಟಲೆ ಒಪ್ಪಿಗೆ ಮುಂದೂಡಿದರು. ಆಮೇಲೆ ಅದನ್ನೇ ಪಳಗಿಸಿ 1959ರಲ್ಲಿ ಪಿಎಚ್.ಡಿ. ಪಡೆದರು!

1962ರಲ್ಲಿ ಐಂಡ್‌ಹೋವನ್‌ನಲ್ಲಿ ಪ್ರಾಧ್ಯಾಪಕರಾದ ಬಳಿಕ ಸಣ್ಣ ತಂಡದೊಂದಿಗೆ ಒಂದು ಆಪರೇಟಿಂಗ್ ಸಿಸ್ಟಮ್ ಕಟ್ಟಿದರು. 1968ರಲ್ಲಿ ಅದರ ವಿವರ ಪ್ರಕಟವಾಯಿತು. ಅದರ ತಳದ ಪದರದಲ್ಲೇ ಗಡಿಯಾರದ ಇಂಟರಪ್ಟ್ ಇತ್ತು; ಯಾವ ಪ್ರೋಗ್ರಾಮೂ ಪ್ರೊಸೆಸರನ್ನು ಹಿಡಿದು ಕೂರುವಂತಿರಲಿಲ್ಲ. ಬೇಕಾದದ್ದು ಸಿಗದ ಪ್ರೋಗ್ರಾಂ ಅವರ ಸೆಮಾಫೋರ್‌ ಬಳಿ ಮಲಗುತ್ತಿತ್ತು. ಬೇರೊಂದು ಬಂದು ಎಬ್ಬಿಸಬೇಕು.

ಎಬ್ಬಿಸುವವರೇ ಬಾರದಿದ್ದರೆ? ಡೈಕ್‌ಸ್ಟ್ರಾ ಅವರ ಸೆಮಾಫೋರ್‌ಗೆ ಗಡುವು ಇಲ್ಲ. ಅದು ಮರೆವಲ್ಲ, ಹಠ ಎಂದೇ ನನಗನ್ನಿಸುತ್ತದೆ. ಯಾವ ಪ್ರೋಗ್ರಾಂ ಎಷ್ಟು ವೇಗವಾಗಿ ಓಡುತ್ತದೆ ಎಂದು ಊಹಿಸದೆಯೇ ಎಲ್ಲವೂ ಸರಿ ಎಂದು ಸಾಧಿಸಬೇಕೆಂಬುದು ಅವರ ನಿಯಮ.

ಇಂದಿನ ಲಿನಕ್ಸ್ ಕರ್ನಲ್ ಗಡುವು ಇಟ್ಟು ಮಲಗಲೂ ಬಿಡುತ್ತದೆ. ದುಂಡಸಿಯಲ್ಲಿ ನಾವು ಹುಬ್ಬಳ್ಳಿ ಬಸ್ಸಿಗೆ ಅರ್ಧ ತಾಸು ಕಾಯುತ್ತೇವೆ, ಬರದಿದ್ದರೆ ಸಿಕ್ಕ ಟೆಂಪೊ ಹತ್ತುತ್ತೇವೆ. ಟೈಮ್‌ಔಟ್ ಎಂದರೆ ಅದೇ. ಕರ್ನಲ್ ಟಾಸ್ಕನ್ನು ಓಡುವವರ ಸಾಲಿನಿಂದ ತೆಗೆದು, ಟೈಮರ್ ಹಚ್ಚಿ ಮಲಗಿಸುತ್ತದೆ. ಕಾದದ್ದು ಮೊದಲು ಬಂದರೆ ಟೈಮರ್ ರದ್ದು. ಟೈಮರ್ ಮೊದಲು ಮುಗಿದರೆ ಕಾಯುವವರ ಪಟ್ಟಿಯಿಂದ ಹೆಸರು ಅಳಿಸಿ, ಸಿಗಲಿಲ್ಲ ಎಂಬ ಉತ್ತರ ಕೊಡುತ್ತದೆ. ಎದ್ದ ಟಾಸ್ಕ್ ತಕ್ಷಣ ಓಡುವುದೂ ಇಲ್ಲ, ಮತ್ತೆ ಸಾಲಿನಲ್ಲಿ ನಿಲ್ಲುತ್ತದೆ. ಹತ್ತು ಮಿಲಿಸೆಕೆಂಡ್ ಎಂದರೆ ಕನಿಷ್ಠ ಹತ್ತು! ಎರಡೂ ಒಟ್ಟಿಗೇ ಬಂದರೆ ಯಾವುದು ಮೊದಲೆಂದು ಲಾಕ್ ಹಾಕಿ ತೀರ್ಮಾನಿಸಬೇಕು. 1957ರಲ್ಲಿ ಅವರು ಹೆದರಿದ್ದು ಇಂಥದ್ದಕ್ಕೇ.

1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. 1984ರಿಂದ ಅಮೆರಿಕದ ಟೆಕ್ಸಾಸ್‌ನಲ್ಲಿ ಪಾಠ ಮಾಡಿದರು. 2002ರಲ್ಲಿ ತಾಯ್ನಾಡಿನಲ್ಲೇ ತೀರಿಕೊಂಡರು. ಕಂಪ್ಯೂಟರನ್ನು ಅಷ್ಟಾಗಿ ಮುಟ್ಟದ ಅವರು ಹೆಚ್ಚಾಗಿ ಫೌಂಟನ್ ಪೆನ್ನಿನಲ್ಲಿ ಬರೆದ 1,300ಕ್ಕೂ ಹೆಚ್ಚು ಟಿಪ್ಪಣಿಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯ ಸ್ಕ್ಯಾನ್ ಮಾಡಿ ಉಚಿತವಾಗಿ ಓದಲು ಇಟ್ಟಿದೆ.