ಈಲ್ಯಾ ಮೆಚ್ನಿಕಾಫ್

ಕುಬಟೂರು ಸೇರಿರುವ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ನೆಯ ಇಸವಿಯಲ್ಲಿ ಮಂಗಗಳು ಸತ್ತುಬಿದ್ದವು. ಉಣುಗುಗಳ ಕಡಿತದಿಂದ ಅದೇ ಕಾಯಿಲೆಯು ಮನುಷ್ಯರಿಗೂ ತಗುಲಿತು. ಒಂದೇ ಜ್ವರದಲ್ಲಿ ಒಬ್ಬರು ಗುಣಹೊಂದಿ ಇನ್ನೊಬ್ಬರು ಮಡಿಯುವುದೇಕೆ? ದೇಹದೊಳಗಿನ ಕಾವಲುಗಾರರಾರು? ಈ ಪ್ರಶ್ನೆಗೆ ಉತ್ತರವನ್ನರಸಿದವರಲ್ಲಿ ಮೆಚ್ನಿಕಾಫನು ಅಗ್ರಗಣ್ಯನು.

ಈತನು 1845ರಲ್ಲಿ, ಈಗ ಯುಕ್ರೇನಿಗೆ ಸೇರಿರುವ ಖಾರ್ಕೊವ್ ಪ್ರಾಂತದಲ್ಲಿ ಜನಿಸಿದನು. ಪ್ರಾಣಿಶಾಸ್ತ್ರದಲ್ಲಿ ಪಾರಂಗತನಾಗಿ ಒಡೆಸ್ಸಾದಲ್ಲಿ ಅಧ್ಯಾಪಕನಾದನು. ಕ್ಷಯಪೀಡಿತಳಾಗಿದ್ದ ಪತ್ನಿ ಲುಡ್ಮಿಲಾಳನ್ನು ಹಲವು ವರ್ಷ ಆರೈಕೆಮಾಡಿದರೂ ಆಕೆಯು 1873ರಲ್ಲಿ ತೀರಿಕೊಂಡಳು. ಆತನಿಗೆ ಬಾಳೇ ಬೇಸರವಾಯಿತು. ಎರಡು ವರ್ಷಗಳ ತರುವಾಯ ಓಲ್ಗಾಳನ್ನು ವಿವಾಹವಾದನು. ಈ ವಿದ್ಯಾವತಿಯು ಪ್ರಯೋಗಗಳಲ್ಲಿ ಆತನಿಗೆ ಸಹಾಯಕಳಾದಳು; ಮುಂದೆ ಆತನ ಚರಿತ್ರೆಯನ್ನೂ ಬರೆದಳು.

1882ರಲ್ಲಿ ಇಟಲಿಯ ಮೆಸ್ಸೀನಾ ನಗರದಲ್ಲಿ ಆತನು ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳಿಗೆ ಗುಲಾಬಿಯ ಮುಳ್ಳುಗಳನ್ನು ಚುಚ್ಚಿಟ್ಟನು. ಮರುದಿನ ಬೆಳಿಗ್ಗೆ ನೋಡಲು, ಚಲಿಸುವ ಜೀವಕೋಶಗಳು ಮುಳ್ಳನ್ನು ಮುತ್ತಿದ್ದವು. ನಮ್ಮ ರಕ್ತದ ಬಿಳಿಯ ಕಣಗಳೂ ಹೀಗೆಯೇ ರೋಗಾಣುಗಳನ್ನು ನುಂಗಿ ಜೀರ್ಣಿಸುವುವೆಂದು ಆತನು ಸಾರಿದನು. ರಕ್ತದ ದ್ರವವೇ ರಕ್ಷಕವೆಂದು ನಂಬಿದ್ದ ಪಂಡಿತರು ಬಹುಕಾಲ ವಿರೋಧಿಸಿದರು. ಆತನು ಧೃತಿಗೆಡದೆ 1888ರಿಂದ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಶ್ರಮಿಸಿದನು. 1908ರ ನೊಬೆಲ್ ಪಾರಿತೋಷಕವು ಆತನಿಗೂ, ದ್ರವಪಕ್ಷದ ಎರ್ಲಿಕ್‌ನಿಗೂ ಸಮನಾಗಿ ಸಂದಿತು. ಎರಡು ಪಕ್ಷಗಳಲ್ಲಿಯೂ ಸತ್ಯವಿದ್ದಿತು. ಆತನ ಶಿಷ್ಯನಾದ ಹಾಫ್ಕಿನನು 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು ಹುಬ್ಬಳ್ಳಿ ಧಾರವಾಡಗಳ ಸಹಸ್ರಾರು ಜನರು ಹಾಕಿಸಿಕೊಂಡರು. ಮೆಚ್ನಿಕಾಫನು 1916ರಲ್ಲಿ ಪ್ಯಾರಿಸಿನಲ್ಲಿ ಕಾಲವಾದನು.

ಆತನು ಕಂಡ ಕಾವಲುಕೋಶದ ಒಳಗುಟ್ಟು ಅನಂತರ ತಿಳಿಯಬಂದಿತು. ಕೋಶದ ಹೊರಮೈಗೆ ರೋಗಾಣುವು ತಾಕಿದೊಡನೆ, ಒಳಗಿನ ಕಿಣ್ವಗಳು ಒಂದರಿಂದೊಂದಕ್ಕೆ ಸುದ್ದಿಯನ್ನು ದಾಟಿಸುತ್ತವೆ. ಕಡೆಗೆ ಮತ್ತೊಂದು ಕಿಣ್ವವು ಆಮ್ಲಜನಕದಿಂದ ಉಗ್ರವಸ್ತುಗಳನ್ನು ಉತ್ಪತ್ತಿಮಾಡಿ ರೋಗಾಣುವನ್ನು ಕೊಲ್ಲಲು ನೆರವಾಗುತ್ತದೆ. ಈ ಕಡೆಯ ಕಿಣ್ವವು ಹುಟ್ಟಿನಿಂದಲೇ ಕೆಟ್ಟಿದ್ದರೆ, ಕೋಶವು ರೋಗಾಣುವನ್ನು ನುಂಗಿದರೂ ಕೊಲ್ಲಲಾರದು. ಅಂತಹ ಶಿಶುವು ಪದೇಪದೇ ವ್ಯಾಧಿಗೀಡಾಗುತ್ತದೆ. ಸುದ್ದಿಯು ನಿಲ್ಲಬೇಕಾದಾಗ ನಿಲ್ಲದಿದ್ದರೆ, ಕಾವಲುಗಾರರೇ ಮನೆಯನ್ನು ಕೆಡವುವರು. ಕೀಲುಗಳು ಬಾತು ನೋಯುವ ಸಂಧಿವಾತವೊಂದು ಇಂತಹುದು. ಆ ಸುದ್ದಿಯ ಕಿಣ್ವಗಳನ್ನು ತಡೆಯುವ ಔಷಧಗಳು ಈಗ ಬಳಕೆಯಲ್ಲಿವೆ.

ವಿದ್ಯಾರ್ಥಿನಿಯರೇ, ಶೋಕದಿಂದ ಕುಗ್ಗಿದವನೊಬ್ಬನು ಒಂದು ಮುಳ್ಳನ್ನು ತಾಳ್ಮೆಯಿಂದ ನೋಡಿದುದರ ಫಲವನ್ನು ಇಂದು ಲೋಕವು ಉಣ್ಣುತ್ತಿದೆ. ಅಲ್ಪವಾದುದನ್ನು ಅಲಕ್ಷಿಸದೆ ನೋಡುವ ಕಣ್ಣು ನಿಮಗೂ ಇರಲಿ.