ಗ್ಲ್ಯಾಡಿಸ್ ಏಲ್ವರ್ಡರ ಜೀವಿತವೂ ಅವರ ಚಲಚ್ಚಿತ್ರವೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ಕೆಲವರು ‘ದಿ ಇನ್ ಆಫ್ ದಿ ಸಿಕ್ಸ್ತ್ ಹ್ಯಾಪಿನೆಸ್’ ಎಂಬ ಆಂಗ್ಲ ಚಲಚ್ಚಿತ್ರವನ್ನು ನೋಡಿರಬಹುದು. 1958ರಲ್ಲಿ ಹೊರಬಂದ ಆ ಚಿತ್ರದಲ್ಲಿ ಇಂಗ್ರಿಡ್ ಬರ್ಗ್‌ಮನ್ ಎಂಬ ಪ್ರಖ್ಯಾತ ನಟಿಯು ಚೀನಾ ದೇಶಕ್ಕೆ ಹೋದ ಮಿಶನರಿ ಕನ್ಯೆಯೊಬ್ಬಳ ಪಾತ್ರವನ್ನು ವಹಿಸಿದ್ದಾಳೆ. ನೋಡಿದವರು ಕಣ್ಣೀರು ಸುರಿಸದೆ ಇರಲಾರರು. ಆದರೆ ಯಾರ ಜೀವಿತವನ್ನು ಅದು ತೋರಿಸುತ್ತದೆಯೋ ಅವರಿಗೇ ಆ ಚಿತ್ರವು ದುಃಖವನ್ನು ಉಂಟುಮಾಡಿತೆಂಬುದು ಬಹುಮಂದಿಗೆ ತಿಳಿಯದು. ಆದುದರಿಂದ ಆ ನಿಜವಾದ ಜೀವಿತವನ್ನು ಸಂಕ್ಷೇಪವಾಗಿ ಇಲ್ಲಿ ಹೇಳಲು ಬಯಸುತ್ತೇನೆ.

ಗ್ಲ್ಯಾಡಿಸ್ ಏಲ್ವರ್ಡರು 1902ರಲ್ಲಿ ಲಂಡನ್ ಪಟ್ಟಣದ ಎಡ್ಮಂಟನ್ನಿನಲ್ಲಿ ಹುಟ್ಟಿದರು. ತಂದೆಯವರು ಅಂಚೆಯವರಾಗಿದ್ದರು. ಓದು ಹೆಚ್ಚಾಗಿ ಸಾಗಲಿಲ್ಲವಾದ್ದರಿಂದ ಗ್ಲ್ಯಾಡಿಸರು ಸಿರಿವಂತರ ಮನೆಗಳಲ್ಲಿ ಸೇವಕಿಯಾಗಿ ದುಡಿಯುತ್ತಿದ್ದರು. ಚೀನಾ ದೇಶದಲ್ಲಿ ಸುವಾರ್ತೆಯನ್ನು ಸಾರಬೇಕೆಂಬ ಆಸೆಯು ಅವರಲ್ಲಿ ಹುಟ್ಟಲು, ಚೀನಾ ಇನ್‌ಲ್ಯಾಂಡ್ ಮಿಶನ್ನಿನ ತರಬೇತಿಗೆ ಸೇರಿದರು. ಮೂರು ತಿಂಗಳಾದ ಮೇಲೆ, ಚೀನೀ ಭಾಷೆಯನ್ನು ಕಲಿಯುವ ಶಕ್ತಿ ಸಾಲದೆಂದು ಅಲ್ಲಿನವರು ಅವರನ್ನು ಮುಂದಕ್ಕೆ ತೆಗೆದುಕೊಳ್ಳಲಿಲ್ಲ.

ಗ್ಲ್ಯಾಡಿಸರು ಎದೆಗುಂದಲಿಲ್ಲ. ಮತ್ತೆ ಮನೆಗೆಲಸಕ್ಕೆ ಹೋಗಿ, ಕೂಲಿಯಲ್ಲಿ ಉಳಿಸಿದ ಹಣದಿಂದ ರೈಲಿನ ಚೀಟಿಯನ್ನು ಕೊಂಡು, ಸೈಬೀರಿಯದ ಮಾರ್ಗವಾಗಿ ಒಬ್ಬಂಟಿಗರಾಗಿ ಹೊರಟರು. ಆ ಗಡಿಯಲ್ಲಿ ಯುದ್ಧ ನಡೆಯುತ್ತಿದ್ದ ಕಾರಣ ಬಹಳ ಕಷ್ಟಗಳನ್ನು ಅನುಭವಿಸಿ, ಜಪಾನಿನ ಮೂಲಕ ಸುತ್ತುಬಳಸಿ ಚೀನಾಕ್ಕೆ ಮುಟ್ಟಿದರು. ಶಾನ್ಸಿ ಪ್ರಾಂತ್ಯದ ಯಾಂಗ್‌ಚೆಂಗ್ ಎಂಬ ಗುಡ್ಡಗಾಡಿನ ಊರಿನಲ್ಲಿ ಜೀನಿ ಲಾಸನ್ ಎಂಬ ವೃದ್ಧ ಮಿಶನರಿಯು ಅವರನ್ನು ಸೇರಿಸಿಕೊಂಡರು. ಇಬ್ಬರೂ ಕೂಡಿ ಹೇಸರಗತ್ತೆಗಳನ್ನು ಹೊಡೆಯುವವರಿಗಾಗಿ ಒಂದು ಛತ್ರವನ್ನು ತೆರೆದು, ರಾತ್ರಿ ಊಟವಾದ ಮೇಲೆ ಸತ್ಯವೇದದ ಕಥೆಗಳನ್ನು ಹೇಳುತ್ತಿದ್ದರು. ತರಗತಿಯಲ್ಲಿ ಹಿಡಿಯದ ಭಾಷೆಯು ಈ ಜನರ ನಡುವೆ ಅವರಿಗೆ ಒಲಿದು ಬಂತು. ಲಾಸನಮ್ಮನವರು ತೀರಿಕೊಂಡ ಮೇಲೆ ಕೆಲಸವೆಲ್ಲ ಗ್ಲ್ಯಾಡಿಸರ ಮೇಲೆಯೇ ಬಿತ್ತು.

ಆ ಕಾಲದಲ್ಲಿ ಹೆಣ್ಣುಮಕ್ಕಳ ಪಾದಗಳನ್ನು ಬಿಗಿದು ಕಟ್ಟುವ ಕ್ರೂರ ಪದ್ಧತಿಯನ್ನು ಚೀನೀ ಸರಕಾರವು ನಿಷೇಧಿಸಿತ್ತು. ಮನೆಮನೆಗೆ ಹೋಗಿ ಅದನ್ನು ನಿಲ್ಲಿಸುವ ಅಧಿಕಾರವು ಇವರಿಗೆ ಒಪ್ಪಿಸಲ್ಪಟ್ಟಿತು. ಸೆರೆಮನೆಯಲ್ಲಿ ದಂಗೆಯೆದ್ದಾಗ ಒಳಗೆ ಹೋಗಿ ಅದನ್ನು ಶಮನಗೊಳಿಸಿದರು. ಮಾರಾಟಕ್ಕಿದ್ದ ಒಂದು ಹೆಣ್ಣುಕೂಸನ್ನು ಅಲ್ಪ ಹಣಕ್ಕೆ ಬಿಡಿಸಿಕೊಂಡು, ಆ ಬೆಲೆಯ ನೆನಪಿಗಾಗಿ ಒಂಬತ್ತು ಪೆನ್ನಿ ಎಂಬ ಹೆಸರಿನಿಂದ ಕರೆದು ಸಾಕಿದರು. 1936ರಲ್ಲಿ ಚೀನಾ ದೇಶದ ಪ್ರಜೆಯೇ ಆದರು. 1938ರಲ್ಲಿ ಜಪಾನೀಯರ ದಂಡು ಆ ಸೀಮೆಗೆ ನುಗ್ಗಿತು. ಆ ಯುದ್ಧದ ದಿನಗಳಲ್ಲಿ ಅವರು ಸುಮಾರು 100 ಮಂದಿ ಅನಾಥ ಮಕ್ಕಳನ್ನು ಕರೆದುಕೊಂಡು, ಬೆಟ್ಟಗಳನ್ನು ಹತ್ತಿಳಿದು, ಹಳದಿ ನದಿಯನ್ನು ದಾಟಿ, ಸಿಯಾನ್ ಪಟ್ಟಣದ ಸೀಮೆಗೆ ತಲಪಿಸಿದರು. ಅನಂತರ ತಾವು ಕಠಿಣ ಜ್ವರದಿಂದ ಬಿದ್ದುಬಿಟ್ಟರು.

1949ರಲ್ಲಿ ಅವರು ಇಂಗ್ಲೆಂಡಿಗೆ ಹಿಂದಿರುಗಿದರು. 1957ರಲ್ಲಿ ಅಲನ್ ಬರ್ಜೆಸ್ ಎಂಬವರು ‘ದಿ ಸ್ಮಾಲ್ ವುಮನ್’ ಎಂಬ ಹೆಸರಿನಿಂದ ಅವರ ಚರಿತ್ರೆಯನ್ನು ಪ್ರಕಟಿಸಿದರು. ಆ ಗ್ರಂಥದಿಂದಲೇ ಚಿತ್ರವು ಹುಟ್ಟಿತು. ಗ್ಲ್ಯಾಡಿಸರು ಕುಳ್ಳಗಿನ, ಕಪ್ಪು ಕೂದಲಿನ ಸ್ತ್ರೀ; ನಟಿಯೋ ಎತ್ತರದ ಸ್ವೀಡಿಷ್ ಸುಂದರಿ. ಚೀನಾದ ಬೆಟ್ಟಗಳಿಗೆ ಬದಲಾಗಿ ವೇಲ್ಸಿನ ಬೆಟ್ಟಗಳು ಬಂದವು. ಛತ್ರದ ಹೆಸರಿನಲ್ಲಿದ್ದ ಎಂಟು ಸಂತೋಷಗಳು ಆರಕ್ಕಿಳಿದವು. ಇವೆಲ್ಲ ಸಣ್ಣ ಮಾತುಗಳೆಂದು ಬಿಡೋಣ. ಒಬ್ಬ ಚೀನೀ ಸೇನಾಧಿಕಾರಿಯ ಸ್ನೇಹವು ಅವರಿಗಿದ್ದುದು ನಿಜ; ಆದರೆ ಚಿತ್ರವು ಅವನನ್ನು ಅರ್ಧ ಐರೋಪ್ಯನನ್ನಾಗಿ ಮಾಡಿ, ಪ್ರಣಯದ ದೃಶ್ಯಗಳನ್ನು ಸೇರಿಸಿ, ಕಟ್ಟಕಡೆಗೆ ಅವರು ಮಕ್ಕಳನ್ನು ಬಿಟ್ಟು ಅವನ ಬಳಿಗೆ ಹೊರಡುವಂತೆ ತೋರಿಸಿತು. ತಮ್ಮ ಮಾನಕ್ಕೆ ಕುಂದು ಬಂತೆಂದು ಗ್ಲ್ಯಾಡಿಸರು ಬಹಳವಾಗಿ ನೊಂದರು.

ಚಿತ್ರ ಮಾಡಿದವರಿಗೆ ಅವರ ಮೇಲೆ ದ್ವೇಷವಿರಲಿಲ್ಲ, ಗೌರವವೇ ಇತ್ತು. ಮಿಶನರಿಯನ್ನು ಹಾಸ್ಯ ಮಾಡುವ ಚಿತ್ರಗಳಿಗಿಂತ ಇದು ಎಷ್ಟೋ ಮೇಲು. ಆದರೂ ದೇವರ ಮೇಲಿನ ನಂಬಿಕೆಯೂ ಪರರ ಮಕ್ಕಳ ಮೇಲಿನ ಪ್ರೀತಿಯೂ ಒಬ್ಬ ಹೆಂಗಸಿನ ಆಯುಷ್ಯವನ್ನು ತುಂಬಬಲ್ಲವೆಂದು ಅವರು ನಂಬಲಾರದೆ ಹೋದರು. ನಿಜವಾದ ಗ್ಲ್ಯಾಡಿಸರು ಮದುವೆಯಾಗಲಿಲ್ಲ. ಚೀನಾದ ಹೊಸ ಸರಕಾರವು ಪ್ರವೇಶ ಕೊಡದೆ ಇರಲು, ತೈವಾನಿಗೆ ಹೋಗಿ ಅಲ್ಲಿ ಅನಾಥಾಲಯವನ್ನು ಸ್ಥಾಪಿಸಿ, 1970ನೆಯ ಜನವರಿಯಲ್ಲಿ ಅಲ್ಲಿಯೇ ಪ್ರಭುವಿನಲ್ಲಿ ನಿದ್ರೆಹೋದರು. ಮಕ್ಕಳನ್ನು ಅವರು ಬಿಡಲೇ ಇಲ್ಲ.

ಈ ಚರಿತ್ರೆಯನ್ನು ಬರೆಯುವಾಗ ನನ್ನ ಮನಸ್ಸು ನನ್ನನ್ನೇ ಚುಚ್ಚುತ್ತದೆ. ಹಿಂದೊಮ್ಮೆ ನಾನು, ಅಂಕಗಳು ಕಡಿಮೆಯಾದುವೆಂಬ ಒಂದೇ ಕಾರಣದಿಂದ, ಉಪಾಧ್ಯಾಯಿನಿಯಾಗುವುದು ನಿನ್ನಿಂದಾಗದೆಂದು ಒಬ್ಬ ಹುಡುಗಿಗೆ ಹೇಳಿ ಕಳುಹಿಸಿದ್ದುಂಟು. ಅವಳು ತಲೆತಗ್ಗಿಸಿಕೊಂಡು ಹೋದ ಬಗೆಯು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಬ್ಬಳ ಜೀವಿತವನ್ನು ತಪ್ಪಾಗಿ ಚಿತ್ರಿಸುವವರು ಚಲಚ್ಚಿತ್ರದವರು ಮಾತ್ರವೇ ಅಲ್ಲ. ಅಂಕಪಟ್ಟಿಯನ್ನು ಹಿಡಿದ ನಾವೂ ಹಾಗೆ ಮಾಡುವುದುಂಟು. ಪ್ರಿಯ ತಾಯಿತಂದೆಗಳೇ, ನಿಮ್ಮ ಮಗಳು ಪರೀಕ್ಷೆಯಲ್ಲಿ ಹಿಂದೆ ಬಿದ್ದ ದಿನ ಅಂಚೆಯವರ ಈ ಮಗಳನ್ನು ನೆನೆಯಿರಿ. ನಾನೂ ನೆನೆಯುತ್ತೇನೆ.