ಮೋಗ್ಲಿಂಗ್ ಮತ್ತು ಮಂಗಳೂರಿನ ಹುಡುಗರು

ಜುಲೈ 1 ಬಂತು ಅಂದ್ರ ಪತ್ರಿಕಾ ದಿನ, ಪತ್ರಿಕಾ ದಿನ ಅಂದ್ರ ಹರ್ಮನ್ ಮೋಗ್ಲಿಂಗ್. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ದ ಸಂಪಾದಕರು. ಕ್ವಿಜ್‌ನಲ್ಲಿ ಒಂದು ಮಾರ್ಕಿನ ಉತ್ತರ, ಅಲ್ಲಿಗೆ ಮುಗೀತು. ಆದರೆ ಅವರು ಪತ್ರಿಕೆ ಮಾಡೋಕೆ ಈ ದೇಶಕ್ಕೆ ಬಂದವರಲ್ಲ. ನಮ್ಮ ವಯಸ್ಸಿನ ಹುಡುಗರಿಗೆ ಪಾಠ ಹೇಳಿ, ಅವರನ್ನು ಕ್ರೈಸ್ತರನ್ನಾಗಿ ಮಾಡಬೇಕು ಅಂತ ಬಂದವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮಗೆ ಮಂಗಳೂರು ದೂರದ ಊರು. ಆದರೂ ಈ ಕಥೆಯೊಳಗ ಬಾಗೇವಾಡಿ ಬರ್ತದ, ಸ್ವಲ್ಪ ತಡೀರಿ.

ಮೋಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ಬ್ರಾಕನ್‌ಹೈಮ್ ಎಂಬ ಊರಲ್ಲಿ. ಟ್ಯೂಬಿಂಗನ್‌ನಲ್ಲಿ ದೇವತಾಶಾಸ್ತ್ರ ಓದಿದರು. ಅಲ್ಲಿ ಸಿಕ್ಕ ಗೆಳೆಯ ಹರ್ಮನ್ ಗುಂಡರ್ಟ್, ಮುಂದೆ ಮಲಯಾಳಂ ನಿಘಂಟು ಮಾಡಿದವರು. (‘ಸಿದ್ಧಾರ್ಥ’ ಕಾದಂಬರಿಯ ಹರ್ಮನ್ ಹೆಸ್ಸೆ ಇದಾರಲ್ಲ, ಅವರ ತಾಯಿಯ ತಂದೆ ಈ ಗುಂಡರ್ಟ್.) ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಕಾಲಿಟ್ಟಿತ್ತು. ಎರಡು ವರ್ಷದ ನಂತರ, 1836ರಲ್ಲಿ, ಮೋಗ್ಲಿಂಗ್ ಬಂದರು. ಆಗ ಸುಯೆಜ್ ಕಾಲುವೆ ಇನ್ನೂ ಇರಲಿಲ್ಲ. ಅವರಿಗಿನ್ನೂ 25 ವರ್ಷ.

ಬಂದವರೇ ಕನ್ನಡ ಕಲಿಯೋಕೆ ಕೂತರು. ಕೆಲವು ಕಾಲ ಹುಬ್ಬಳ್ಳಿ–ಧಾರವಾಡದ ಕಡೆಗೂ ತಿರುಗಿದರು. ಅಲ್ಲಿ ಕಾಲಜ್ಞಾನ ನಂಬುವ ಕೆಲವು ಜನ ಮಿಷನರಿಗಳ ಹತ್ತಿರ ತಾವಾಗಿ ಬಂದರು. ಕಾಲಜ್ಞಾನ ಅಂದ್ರ ಮುದ್ದೇಬಿಹಾಳದವರಿಗೆ ಕೊಡೇಕಲ್ಲ ನೆನಪಾಗ್ತದ. ಊರಿಗೆ ಊರೇ ತಮ್ಮ ಕಡೆ ಬರ್ತದೆ ಅನ್ನೋ ಆಸೆ ಹುಟ್ಟಿತು, ಆದರೆ ಹಾಗಾಗಲಿಲ್ಲ. ಮೋಗ್ಲಿಂಗ್ ಮಂಗಳೂರಿನಲ್ಲೇ ನಿಂತು ಹುಡುಗರ ವಸತಿಶಾಲೆ ಕಟ್ಟಿದರು. ಬಲ್ಮಠದ ಗುಡ್ಡದ ಮೇಲೆ ಅದು ಬೆಳೆಯಿತು.

1841ರಲ್ಲಿ ಮಿಷನ್ನಿನ ಪ್ರೆಸ್ ಶುರುವಾಯಿತು. ಅದು ಕಲ್ಲಚ್ಚು, ಮೊಳೆ ಜೋಡಿಸುವ ಪ್ರೆಸ್ ಅಲ್ಲ. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಬೇಕು, ಆಮೇಲೆ ಕಲ್ಲು ತೋಯಿಸಿ ಮಸಿಯ ರೋಲರ್ ಉರುಳಿಸಬೇಕು. ನೀರಿದ್ದಲ್ಲಿ ಮಸಿ ಹಿಡಿಯೋದಿಲ್ಲ, ಜಿಡ್ಡಿದ್ದಲ್ಲಿ ಹಿಡಿಯುತ್ತದೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಇದನ್ನು ಹೇಳಿಕೊಟ್ಟಿದ್ದರೆ ನಮಗೂ ಸ್ವಲ್ಪ ಆಸಕ್ತಿ ಬರ್ತಿತ್ತೇನೋ! 1843ರ ಜುಲೈ 1ರಂದು ಹೊರಬಂದ ‘ಮಂಗಳೂರು ಸಮಾಚಾರ’ ಹೀಗೇ ಅಚ್ಚಾದದ್ದು. ಹದಿನೈದು ದಿನಕ್ಕೊಮ್ಮೆ ಬರುವ ನಾಲ್ಕು ಪುಟ. ಊರ ಸುದ್ದಿ, ಕಂಪನಿ ಸರ್ಕಾರದ ಕಾನೂನು, ಕಥೆ, ಎಲ್ಲಾ ಇರ್ತಿತ್ತು. 1844ರಲ್ಲಿ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು.

ಅದೇ 1844ರ ಜನವರಿಯಲ್ಲಿ ಮಂಗಳೂರೇ ಅಲ್ಲಾಡಿತು. ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಹುಡುಗ, ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಓದಿದವ, ಇನ್ನಿಬ್ಬರು ಗೆಳೆಯರ ಜೊತೆ ದೀಕ್ಷಾಸ್ನಾನ ಪಡೆದ. ಹುಟ್ಟಿದ್ದು 1825ರಲ್ಲಿ. ಅಂದ್ರ ಆಗ ಅವನಿಗೆ ಹೆಚ್ಚೂಕಡಿಮೆ ನಮ್ಮದೇ ವಯಸ್ಸು. ಊರಲ್ಲಿ ದೊಡ್ಡ ಗದ್ದಲ ಆಯಿತು. ಆ ಕಾಲದಲ್ಲಿ ಹಾಗೆ ಹೋದವನು ಮನೆಯವರ ಪಾಲಿಗೆ ಸತ್ತಂತೆ. ಕೂಡಿ ಊಟ ಇಲ್ಲ, ನಂಟಸ್ತನ ಇಲ್ಲ, ತಾಯಿಯ ಅಡುಗೆಮನೆಗೆ ಕಾಲಿಡುವಂತಿಲ್ಲ.

ಇದನ್ನು ಓದುವಾಗ ನಮ್ಮೊಳಗೇ ಜಗಳ ಆಯ್ತು. ಕಲಿಸುವವರ ಮೇಲೆ ಹುಡುಗರಿಗೆ ಇರೋ ಗೌರವವನ್ನು ಹೀಗೆ ಬಳಸಬಹುದಾ ಅಂತ ಕೆಲವರ ವಾದ. ಅವನು ಕೂಸೇನಲ್ಲ, ತಾನೇ ವಿಚಾರ ಮಾಡಿ ಹೋದ, ಅದನ್ನು ಮೋಗ್ಲಿಂಗ್ ಖಾತೆಗೆ ಹಾಕೋದು ಆನಂದರಾಯನಿಗೇ ಅವಮಾನ ಅಂತ ಉಳಿದವರು. ನಮ್ಮ ಒಲವು ಎರಡನೆಯ ಮಾತಿನ ಕಡೆಗೇ. ಮನೆಯವರ ಮುಂದೆ ಸಿವಿಲ್ ಬೇಡ, ಕಂಪ್ಯೂಟರ್ ಸೈನ್ಸ್ ಬೇಕು ಅನ್ನೋಕೇ ನಮ್ಮಲ್ಲಿ ಎಷ್ಟೋ ಜನರಿಗೆ ಬಾಯಿ ಬಂದಿಲ್ಲ. ಅವನ ಧೈರ್ಯ ಸಣ್ಣದಲ್ಲ. ಆದರೂ ಆ ಮನೆಯ ನೋವಿನಲ್ಲಿ ಮೋಗ್ಲಿಂಗರ ಪಾಲು ಇಲ್ಲ ಅನ್ನೋಕೂ ಆಗೋದಿಲ್ಲ. 1846ರಲ್ಲಿ ಅವರು ರಜೆಗೆ ಊರಿಗೆ ಹೋಗುವಾಗ ಆನಂದರಾಯನನ್ನೂ ಕರೆದುಕೊಂಡು ಹೋದರು. ಅವನು ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ತಿರುಗಿ ಬಂದ. ಹೆಸರು ಹರ್ಮನ್ ಆನಂದರಾವ್ ಕೌಂಡಿನ್ಯ. ಗುರುವಿನ ಹೆಸರೇ ಇವನ ಮೊದಲ ಹೆಸರಾಗಿತ್ತು.

ಈಗ ಬಾಗೇವಾಡಿ. ಜೆ. ಕ್ಯಾಸಮೇಜರ್ ಎಂಬ ನಿವೃತ್ತ ಜಡ್ಜ್ ಕನ್ನಡದ ಹಳೆಯ ಕಾವ್ಯಗಳು ಅಚ್ಚಾಗಲಿ ಅಂತ ದುಡ್ಡು ಕೊಟ್ಟರು. ಮೋಗ್ಲಿಂಗ್ ತಾಳೆಗರಿ ಪ್ರತಿಗಳನ್ನು ಹುಡುಕಿಸಿ, ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಅಂತ 1848ರಿಂದ ಒಂದೊಂದೇ ಸಂಪುಟ ತಂದರು. ಜೈಮಿನಿ ಭಾರತ ಬಂತು, ದಾಸರ ಪದಗಳು ಬಂದವು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಥೆ, ಭೀಮಕವಿಯ ಬಸವಪುರಾಣವೂ ಬಂತು. ಅದೇ ಪ್ರೆಸ್ಸಿನಲ್ಲಿ ನಮ್ಮ ದೇವರು, ನಮ್ಮ ಜಾತಿಗಳನ್ನು ಟೀಕಿಸುವ ಸಣ್ಣ ಪುಸ್ತಕಗಳೂ ಅಚ್ಚಾಗುತ್ತಿದ್ದವು. ಜನರ ಧರ್ಮ ಬದಲಿಸಬೇಕಾದರೆ ಮೊದಲು ಅದು ಏನು ಅಂತ ತಿಳೀಬೇಕು ಅನ್ನೋ ಲೆಕ್ಕ ಇದ್ದಿರಬಹುದು. ಆದರೆ ಕರಡು ತಿದ್ದುತ್ತಾ ವರ್ಷಗಟ್ಟಲೆ ಕೂತ ಮನುಷ್ಯನಿಗೆ ಬರೀ ಲೆಕ್ಕ ಇತ್ತು ಅಂದರೆ ನಾವು ನಂಬೋದಿಲ್ಲ.

ಎಪ್ಪತ್ತು ವರ್ಷದ ನಂತರದ ಒಂದು ಕಥೆ ವಿಜಯಪುರದ ಕಡೆ ಹೇಳ್ತಾರ. ಫ. ಗು. ಹಳಕಟ್ಟಿಯವರು ವಚನಗಳ ಹಸ್ತಪ್ರತಿಯನ್ನು ಅಚ್ಚಿಗಂತ ಮಂಗಳೂರಿನ ಆ ಪ್ರೆಸ್ಸಿಗೇ ಕಳಿಸಿದ್ದರಂತೆ. ಇದು ಅಚ್ಚಾದರೆ ನಮ್ಮ ಪ್ರಚಾರಕ್ಕೇ ಕುತ್ತು ಅಂತ ಅವರು ವಾಪಸ್ ಕಳಿಸಿದರಂತೆ. ಮುಂದೆ ಹಳಕಟ್ಟಿಯವರು ವಿಜಯಪುರದಲ್ಲೇ ಹಿತಚಿಂತಕ ಪ್ರೆಸ್ ಹಾಕಿದ್ದಂತೂ ಎಲ್ಲರಿಗೂ ಗೊತ್ತು. ಮೋಗ್ಲಿಂಗ್ ಇದ್ದಿದ್ದರೆ ಆ ಹಸ್ತಪ್ರತಿ ವಾಪಸ್ ಬರ್ತಿರಲಿಲ್ಲ ಅಂತ ನಮಗೆ ಅನಿಸ್ತದ.

1853ರಲ್ಲಿ ಅವರು ಕೊಡಗಿಗೆ ಹೋದರು, ಆ ನಾಡಿನ ಬಗ್ಗೆ 1855ರಲ್ಲಿ ಇಂಗ್ಲಿಷ್ ಪುಸ್ತಕ ಬರೆದರು, ಆನಂದಪುರದಲ್ಲಿ ಜೀತದಿಂದ ಬಿಟ್ಟು ಬಂದ ಹೊಲೆಯ ಕುಟುಂಬಗಳಿಗೆ ನೆಲೆ ಮಾಡಿದರು. ಆ ಕೆಲಸಕ್ಕೆ ಆನಂದರಾಯನೂ ಜೊತೆಯಾದ. ಕನ್ನಡ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ದೇಶ ಬಿಟ್ಟವರು ಮತ್ತೆ ಬರಲಿಲ್ಲ. ಜರ್ಮನಿಯಲ್ಲಿ ಕೂತು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದು ಅಲ್ಲಿನ ವಿದ್ವತ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು.

1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಮರುವರ್ಷವೇ ಹಳೆಯ ಗೆಳೆಯ ಗುಂಡರ್ಟ್ ಅವರ ಜೀವನಚರಿತ್ರೆ ಪ್ರಕಟಿಸಿದರು. ಆನಂದರಾಯ ಮಾತ್ರ ಇಲ್ಲೇ ಉಳಿದ, 1893ರಲ್ಲಿ ಸಾಯುವ ತನಕ.